ಸಾಕು ಅನ್ನುವ ತನಕ

ಆ ಕೇರಿಯ ಮಕ್ಕಳು ‘ಅಮ್ಮ’ ಅನ್ನುವ ಮೊದಲೇ ‘ಸಾಕು’ ಅನ್ನುವುದನ್ನು ಕಲಿಯುತ್ತಿದ್ದವು. ಕಲಿಯದೆ ವಿಧಿಯಿರಲಿಲ್ಲ. ಊರಿನ ನಲ್ಲಿಯನ್ನು ಕೇರಿಯವರು ಮುಟ್ಟುವಂತಿರಲಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟು ದೂರ ಸರಿದು ನಿಲ್ಲಬೇಕು. ಕಟ್ಟೆಯ ಮೇಲೆ ನಲ್ಲಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ನಲ್ಲಿಯಮ್ಮ ರಬ್ಬರ್ ಪೈಪು ಹಿಡಿದು ನಿಂತಿರುತ್ತಾಳೆ. ಅವಳು ಮೇಲಿಂದ ಸುರಿಯುತ್ತಾಳೆ. ಕೊಡ ತುಂಬುವ ಮೊದಲೇ ‘ಸಾಕು ಅಮ್ಮಾವ್ರೇ’ ಅನ್ನಬೇಕು. ಅದು ಮರ್ಯಾದೆ. ಅಂದವರಿಗೆ ಮರುದಿನವೂ ನೀರು. ತುಂಬಲಿ ಎಂದು ಬಾಯಿ ಮುಚ್ಚಿಕೊಂಡು ನಿಂತವರಿಗೆ ‘ಎಷ್ಟು ದುರಾಸೆ ನೋಡು ಇವಕ್ಕೆ’ ಎಂಬ ಮಾತು, ಜೊತೆಗೆ ಒಂದು ವಾರ ಬರಿಗೊಡ.

ಎಲ್ಲರಿಗಿಂತ ಬೇಗ ಸಾಕು ಅನ್ನುತ್ತಿದ್ದವಳು ಗುಂಡಿ ಬಳಿಯುವವನೊಬ್ಬನ ಹೆಂಡತಿ. ಕೊಡ ಮುಕ್ಕಾಲು ಮುಟ್ಟುವುದರೊಳಗೆ ಅವಳ ಬಾಯಿಂದ ಮಾತು ಉದುರಿಬಿಡುತ್ತಿತ್ತು. ನಲ್ಲಿಯಮ್ಮನಿಗೆ ಅವಳನ್ನು ಕಂಡರೆ ಅಚ್ಚುಮೆಚ್ಚು. ‘ಬಂದಳು ನೋಡಿ ನಮ್ಮ ಸಾಕಮ್ಮ’ ಎಂದು ಒಂದು ದಿನ ಅಂದಳು, ಹೆಸರು ಅಂಟಿಕೊಂಡಿತು. ಹೆತ್ತವರು ಇಟ್ಟ ಹೆಸರು ಹೆತ್ತವರ ಜೊತೆಗೇ ಹೋಯಿತು.

ಊರಿನ ಕಕ್ಕಸು ಗುಂಡಿಗಳನ್ನು ಬಳಿಯುವುದು ಕೇರಿಯ ಗಂಡಸರ ಕೆಲಸ. ಸಾಕಮ್ಮನ ಗಂಡ ಸೊಂಟದ ತನಕ ಗುಂಡಿಗೆ ಇಳಿಯುತ್ತಿದ್ದ. ಬಕೆಟ್ಟಿನಲ್ಲಿ ಮೊಗೆದು ತಲೆಗಿಂತ ಮೇಲಕ್ಕೆ ಎತ್ತಿ ಕೊಡುತ್ತಿದ್ದ. ಬಕೆಟ್ಟು ವಾಲಿದರೆ ತಲೆಯ ಮೇಲೇ ಬೀಳುತ್ತಿತ್ತು. ದಿನವೂ ವಾಲುತ್ತಿತ್ತು. ಮನೆಗೆ ಬಂದರೆ ಒಂದು ಚೊಂಬು ನೀರು. ಕೈ ತೊಳೆದರೆ ಕಾಲಿಗಿಲ್ಲ, ಕಾಲು ತೊಳೆದರೆ ಮುಖಕ್ಕಿಲ್ಲ. ಹೀಗಾಗಿ ಮದುವೆಯಾದ ಹೊಸದರಲ್ಲೇ ಅವನು ತನಗೆ ತಾನೇ ಒಂದು ಕಾನೂನು ಮಾಡಿಕೊಂಡ. ಗುಂಡಿಗೆ ಇಳಿದ ದಿನ ಹೊಸ್ತಿಲು ದಾಟುವುದಿಲ್ಲ. ಊಟ ಬಾಗಿಲ ಹೊರಗೆ, ನಿದ್ದೆ ಬಾಗಿಲ ಹೊರಗೆ. ಊರಿನವರಿಗೆ ಹೊಟ್ಟೆ ಇರುವ ತನಕ ಅವನು ಗುಂಡಿಗೆ ಇಳಿಯದ ದಿನ ಎಲ್ಲಿಂದ ಬರಬೇಕು? ಸಾಕಮ್ಮ ಸಂಸಾರ ಮಾಡಿದ್ದೆಲ್ಲ ಬಾಗಿಲ ಸಂದಿಯಿಂದ.

‘ನಾನೇನು ಕಾವಲು ನಾಯೀನಾ? ಒಂದು ಬಿಸ್ಕತ್ತಾದರೂ ಹಾಕೇ’ ಎಂದು ಅವನು ಹೊರಗಿನಿಂದ ಕೂಗುತ್ತಿದ್ದ. ಅವಳು ನಗುತ್ತಿದ್ದಳು. ಆಮೇಲೆ ಗೋಡೆಯ ಕಡೆ ತಿರುಗಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಗಂಡ ಒಂದು ದಿನ ತಲೆಯ ಮೇಲಿಂದ ನೀರು ಸುರಿದುಕೊಂಡು ಒಳಗೆ ಬರಬೇಕು, ಚಾಪೆಯ ಮೇಲೆ ಪಕ್ಕದಲ್ಲಿ ಮಲಗಬೇಕು. ಅವಳಿಗೆ ಇದ್ದದ್ದು ಇದೊಂದೇ ಆಸೆ. ಅದಕ್ಕೆ ಬೇಕಾದದ್ದು ನೀರು. ಆ ಸೀಮೆಯಲ್ಲಿ ಮಳೆ ಬರುತ್ತಿದ್ದದ್ದು ದೂರದ ನೆಂಟರ ಹಾಗೆ. ಬಂದರೂ ಕಾಲು ತೊಳೆಯುವಷ್ಟು ಹೊತ್ತೂ ಇರುತ್ತಿರಲಿಲ್ಲ.

ಹೀಗಿರುವಾಗ ನೆಲದೊಳಗಿನ ನೀರನ್ನು ಅಂದಾಜು ಮಾಡುವವರು ಬಂದರು.

ಒಂದು ಜೀಪು, ಒಂದು ಡೇರೆ, ಮಡಚುವ ಕುರ್ಚಿಗಳು, ‘ಅಭಿವೃದ್ಧಿಗಾಗಿ ಅಂತರ್ಜಲ ಅಂದಾಜು’ ಎಂಬ ಬೋರ್ಡು. ಬೋರ್ಡು ನೆಡಲು ಗುಂಡಿ ತೋಡಿಸಿದ್ದು ಕೇರಿಯವರ ಕೈಯಲ್ಲಿಯೇ. ತಂಡದ ಯಜಮಾನರಿಗೆ ಮಾತಿಗೊಮ್ಮೆ ಅಂದಾಜು ಅನ್ನುವ ಚಾಳಿ. ‘ಅಂದಾಜು ಊಟದ ಹೊತ್ತಾಯಿತು’, ‘ನನಗೆ ಅಂದಾಜು ಇಬ್ಬರು ಮಕ್ಕಳು’ ಎಂದೆಲ್ಲ ಅನ್ನುತ್ತಿದ್ದರು. ಕೇರಿಯವರು ಅವರನ್ನು ಅಂದಾಜು ಸಾಹೇಬರು ಎಂದೇ ಕರೆದರು. ಕೆಟ್ಟ ಮನುಷ್ಯರಲ್ಲ. ಯಾರನ್ನೂ ಬೈಯುತ್ತಿರಲಿಲ್ಲ. ಬಾಟಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿ ನೆಲಕ್ಕೆ ಉಗುಳುವಾಗ ಕೇರಿಯ ಹೆಂಗಸರು ಆ ಒದ್ದೆ ಜಾಗವನ್ನೇ ಏಕೆ ನೋಡುತ್ತಾರೆ ಎಂದು ಮಾತ್ರ ಅವರಿಗೆ ತಿಳಿಯಲಿಲ್ಲ.

ಸಾಹೇಬರು ಗುಮಾಸ್ತನನ್ನು ಕರೆದುಕೊಂಡು ಮನೆಮನೆಗೂ ಹೋದರು. ಎಲ್ಲರಿಗೂ ಒಂದೇ ಪ್ರಶ್ನೆ.

‘ನೀರು ಸಾಕಾಗುತ್ತಾ?’

ಷರ್ಟು ಹಾಕಿಕೊಂಡ ದೊಡ್ಡ ಮನುಷ್ಯ ಎದುರಿಗೆ ನಿಂತು ನೀರಿನ ಮಾತೆತ್ತಿದರೆ ಕೇರಿಯವರ ಬಾಯಲ್ಲಿ ಬೇರೆ ಮಾತು ಹೊರಡುವುದೇ ಇಲ್ಲ.

‘ಸಾಕು ಸ್ವಾಮಿ.’

ಎಲ್ಲ ಮನೆಯಲ್ಲೂ ಹಾಗೇ ಅಂದರು. ಸಾಕಮ್ಮ ಅಂತೂ ಪ್ರಶ್ನೆ ಮುಗಿಯುವ ಮೊದಲೇ ಅಂದುಬಿಟ್ಟಳು. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು, ಆದರೆ ಸಾಹೇಬರು ಆಗಲೇ ಅವಳ ಅತ್ತೆಯ ಕಡೆ ತಿರುಗಿದ್ದರು. ಅತ್ತೆ ಗೋಡೆಗೊರಗಿ ಕೂತಿದ್ದಳು. ಎಂಬತ್ತು ದಾಟಿದ ಜೀವ. ಊರಿನ ಮೂರು ತಲೆಮಾರಿನ ಎಂಜಲು ಬಳಿದ ಕೈ.

‘ಅಜ್ಜೀ, ನಿಮಗೆ ನೀರಿನ ವಿಷಯ ಹೇಗೆ?’

‘ಸಾಕಾಗಿ ಹೋಗಿದೆ ಕಣಪ್ಪಾ’ ಅಂದಳು ಅತ್ತೆ. ‘ಈ ನೀರಿನ ಸಹವಾಸ ಸಾಕಾಗಿ ಹೋಗಿದೆ.’

ಗುಮಾಸ್ತ ತಲೆಯೆತ್ತಿ ಕೇಳಿದ, ‘ಎರಡು ಸಲ ಸಾಕು ಅಂದರು ಸಾರ್. ಎರಡು ಸಲ ಬರೀಲಾ?’

‘ಒಂದು ಸಲ ಸಾಕು’ ಅಂದರು ಸಾಹೇಬರು.

ಆಮೇಲೆ ಕೊರೆಯುವ ಯಂತ್ರ ಬಂತು. ಸಾಕಮ್ಮನ ಮನೆಯ ಎದುರಿಗೇ ಕೊರೆದರು. ಕೆಲಸಕ್ಕೆ ಕೇರಿಯ ಹೆಂಗಸರು. ಯಂತ್ರ ಉಗುಳಿದ ಕಲ್ಲುಪುಡಿಯನ್ನು ಬಾಂಡಲಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಒಣ ಹಳ್ಳದ ಬಂಡೆಗಳ ಮೇಲೆ ಸುರಿಯಬೇಕು. ಪುಡಿ ಕಣ್ಣಿಗೆ, ಮೂಗಿಗೆ, ಹಲ್ಲಿಗೆ. ಕೂದಲು ಬೆಳ್ಳಗಾಗಿ ಎಲ್ಲ ಸೊಸೆಯರೂ ಅತ್ತೆಯರಂತೆ ಕಂಡರು. ಕೆಮ್ಮಿದರೆ ಬಾಯಿಂದ ಗಾರೆ ಬರುತ್ತಿತ್ತು. ಮೂರನೆಯ ದಿನ ಪುಡಿ ಒದ್ದೆಯಾಯಿತು. ನಾಲ್ಕನೆಯ ದಿನ ಕೆಸರಾಯಿತು. ಐದನೆಯ ದಿನ ಕೊಳವೆಯ ಬಾಯಿಂದ ನೀರು ಆಳೆತ್ತರಕ್ಕೆ ಚಿಮ್ಮಿತು.

ಅತ್ತೆ ತೆವಳಿಕೊಂಡು ಹೊರಗೆ ಬಂದು ಕೆಸರನ್ನೇ ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟುಕೊಂಡಳು. ‘ಸಿಹಿ ಕಣೇ’ ಅಂದಳು. ಎಂಬತ್ತು ವರ್ಷ ಆ ನೀರಿನ ಮೇಲೇ ಕೂತಿದ್ದಳು ಮುದುಕಿ. ಸಾಕಮ್ಮ ಅತ್ತಳು. ಗುಂಡಿಯಿಂದ ಬಂದ ಗಂಡ ದೂರದಲ್ಲೇ ನಿಂತು, ‘ಇನ್ನು ನಾನು ಒಳಗೆ ಮಲಗಿ ಗೊರಕೆ ಹೊಡೀತೀನಿ, ನೀನೇ ತಡೆಯಲಾರದೆ ಹೊರಗೆ ಓಡಿಬರ್ತೀಯ, ನೋಡ್ತಿರು’ ಅಂದ.

ಕೊಳವೆಯ ಬಾಯಿಗೆ ಮುಚ್ಚಳ ಜಡಿದು ಅಂದಾಜು ಮುಗಿಸಿದ ದಿನ ಸಾಹೇಬರು ಕೇರಿಯವರನ್ನು ಡೇರೆಯ ಹೊರಗೆ ಕೂರಿಸಿ ಫಲಿತಾಂಶ ಓದಿದರು.

‘ಸಂತೋಷದ ಸುದ್ದಿ. ನಿಮ್ಮ ಕೇರಿ ಸುರಕ್ಷಿತ ಅಂತ ಬಂದಿದೆ.’

‘ಯಾರಿಂದ ಸಾರ್?’ ಎಂದು ಕೇಳಿದಳು ಸಾಕಮ್ಮ.

‘ಯಾರಿಂದಲೂ ಅಲ್ಲಮ್ಮ. ಕೆಳಗೆ ನೀರು ಜಾಸ್ತಿ ಇದೆ, ಬಳಕೆ ಕಡಿಮೆ ಇದೆ. ಅದಕ್ಕೆ ಸುರಕ್ಷಿತ ಅಂತಾರೆ. ನಿಮ್ಮ ಅಗತ್ಯ ಪೂರ್ತಿ ನೀಗಿದೆ. ಮಿಕ್ಕಿದ್ದು ಉಳಿಕೆ. ಉಳಿಕೆ ನೀರು ತಂಪು ಪಾನೀಯದ ಕಾರ್ಖಾನೆಗೆ ಹೋಗುತ್ತೆ. ಅಭಿವೃದ್ಧಿ.’

‘ನೀರು ನಮ್ಮ ಮನೆ ಕೆಳಗೇ ಇದೆಯಲ್ಲ ಸಾರ್!’

‘ಇದೆ. ನೀವೇ ಉಳಿಸಿರೋದು. ಬಳಸದೆ ಉಳಿಸಿದ್ದೀರಿ. ಇಲಾಖೆ ನಿಮ್ಮನ್ನ ಅಭಿನಂದಿಸುತ್ತೆ.’

‘ನಾವು ಉಳಿಸಲಿಲ್ಲ. ನಮಗೆ ಮುಟ್ಟೋಕೆ ಬಿಡಲಿಲ್ಲ.’

‘ಯಾಕೆ ಬಳಸಲಿಲ್ಲ ಅನ್ನೋದಕ್ಕೆ ನಮ್ಮಲ್ಲಿ ಜಾಗ ಇಲ್ಲಮ್ಮ. ಎಷ್ಟು ಬಳಸಿದ್ರಿ ಅನ್ನೋದು ಮಾತ್ರ. ನೀವು ಎಷ್ಟು ಬಳಸ್ತೀರೋ ಅಷ್ಟೇ ನಿಮ್ಮ ಅಗತ್ಯ.’

ಸಾಕಮ್ಮ ಎದ್ದು ನಿಂತಳು.

‘ಹಾಗಾದ್ರೆ ಜಾಸ್ತಿ ಬಳಸಿದ್ರೆ ಅಗತ್ಯ ಜಾಸ್ತಿ ಆಗುತ್ತಾ?’

‘ಖಂಡಿತ ಆಗುತ್ತೆ.’

‘ಸರಿ ಬಿಡಿ. ಇವತ್ತಿಂದ ಜಾಸ್ತಿ ಬಳಸ್ತೀವಿ.’

‘ಬಳಸೋಕೆ ನಿಮ್ಮ ಹತ್ರ ನೀರೆಲ್ಲಿದೆಯಮ್ಮಾ?’ ಎಂದು ಸಾಹೇಬರು ಕೇಳಿದರು. ನಿಜವಾದ ಕನಿಕರದಿಂದಲೇ ಕೇಳಿದರು.

‘ಸಾರ್, ನಾವು ಸಾಕು ಅಂದಿದ್ದು ಸಾಕು ಅಂತ ಅಲ್ಲ.’

‘ಸಾಕು ಅಂದ್ರೆ ಸಾಕು ಅಂತಲ್ಲದೆ ಇನ್ನೇನಮ್ಮ?’

ಒಂದು ಮಾತಿನ ಒಳಗೆ ಎಷ್ಟು ವರ್ಷದ ಹೆದರಿಕೆ ತುಂಬಿದೆ ಎಂದು ಹೇಳಲು ಅವಳಿಗೆ ಇನ್ನೊಂದು ಮಾತು ಬೇಕಿತ್ತು. ಅದನ್ನು ಯಾರೂ ಕಲಿಸಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು.

ಒಂದು ಕೆಲಸ ಮಾತ್ರ ಬಾಕಿಯಿತ್ತು. ಕಾರ್ಖಾನೆಗೆ ನೀರು ಕೊಡಬೇಕಾದರೆ ಸ್ಥಳದವರ ಒಪ್ಪಿಗೆ ಬೇಕು. ಕೇರಿಯವರಿಗೆ ಓದು ಬರಹ ಇಲ್ಲ ಎಂದು ಇಲಾಖೆಯೇ ಒಂದು ಸುಲಭದ ದಾರಿ ಹುಡುಕಿತ್ತು. ಪಂಪು ಓಡಿಸಿ ನೋಡುವ ಪರೀಕ್ಷೆಯ ದಿನ ಇಲಾಖೆಯ ದೊಡ್ಡ ಸಾಹೇಬರು ಬರುತ್ತಾರೆ. ಕ್ಯಾಮೆರಾ ಇರುತ್ತದೆ. ಕೇರಿಯ ಒಬ್ಬ ಹೆಂಗಸಿನ ಕೊಡಕ್ಕೆ ಅಂದಾಜು ಸಾಹೇಬರು ತಮ್ಮ ಕೈಯಾರೆ ನೀರು ಸುರಿಯುತ್ತಾರೆ. ಅವಳು ನಗುತ್ತ ‘ಸಾಕು’ ಅನ್ನುತ್ತಾಳೆ. ಅದೇ ಒಪ್ಪಿಗೆ. ಯಾರನ್ನು ಆರಿಸಬೇಕು ಎಂದು ಕೇಳಿದಾಗ ನಲ್ಲಿಯಮ್ಮ ಬೆರಳು ತೋರಿಸಿದಳು.

‘ಒಂದೇ ಒಂದು ಮಾತು ಕಣಮ್ಮ’ ಅಂದರು ಸಾಹೇಬರು. ‘ನೀರು ಕುಡಿದಷ್ಟು ಸುಲಭ.’

ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಆವತ್ತು ಪಂಪಿನ ನೀರೆಲ್ಲ ಎಲ್ಲಿಗೆ ಹೋಗುತ್ತೆ ಸಾರ್?’ ಎಂದು ಕೇಳಿದಳು ಸಾಕಮ್ಮ.

‘ಹಳ್ಳದ ಬಂಡೆ ಮೇಲೆ. ಬೆಳಿಗ್ಗೆಯಿಂದ ಸಂಜೆವರೆಗೆ ಓಡಿಸಬೇಕು. ಒಂದು ಸಲ ಶುರು ಮಾಡಿದರೆ ನಿಲ್ಲಿಸೋ ಹಾಗಿಲ್ಲ, ನಿಲ್ಲಿಸಿದ್ರೆ ಪರೀಕ್ಷೆ ಕೆಡುತ್ತೆ. ಆ ಒಂದು ಕೊಡ ಬಿಟ್ಟರೆ ಯಾರೂ ಮುಟ್ಟೋ ಹಾಗೂ ಇಲ್ಲ.’

‘ಅಷ್ಟೂ ನೀರಾ? ಬಂಡೆಗಾ?’

‘ಬಂಡೆಗೆ ಬಿದ್ದರೆ ಅದು ಪರೀಕ್ಷೆ ಅಮ್ಮ. ಮನುಷ್ಯರ ಮೈಗೆ ಬಿದ್ದರೆ ಬಳಕೆ ಆಗಿಬಿಡುತ್ತೆ. ಬಳಕೆ ಆದರೆ ಅಗತ್ಯ ಇದೆ ಅಂತಾಗುತ್ತೆ. ಆಮೇಲೆ ಇಷ್ಟು ದಿನದ ಅಂದಾಜೆಲ್ಲ ನೀರುಪಾಲು.’

ಪರೀಕ್ಷೆಯ ದಿನ ಬೆಳಿಗ್ಗೆ ಸಾಕಮ್ಮನ ಗಂಡನಿಗೆ ಊರಿನಿಂದ ಕರೆ ಬಂತು. ದೊಡ್ಡ ಸಾಹೇಬರು ಹಿಂದಿನ ಸಂಜೆಯೇ ಬಂದು ಅತಿಥಿಗೃಹದಲ್ಲಿ ಇಳಿದಿದ್ದರು. ಅಲ್ಲಿಯ ಗುಂಡಿ ಕಟ್ಟಿಕೊಂಡಿತ್ತು. ‘ಇಲಾಖೆಯ ಕೆಲಸ. ನೀನು ಮೇಲೆ, ನಾನು ಕೆಳಗೆ’ ಎಂದು ನಗಾಡಿ ಅವನು ಬಕೆಟ್ಟು ತೆಗೆದುಕೊಂಡು ಹೋದ.

ಸಾಕಮ್ಮನಿಗೆ ಹೊಸ ಸೀರೆ ಉಡಿಸಿದರು, ಕ್ಯಾಮೆರಾದವನ ಮಾತಿನಂತೆ. ಹೊಸ ಕೊಡ ಕೊಟ್ಟರು. ಅವಳು ತನ್ನ ಹಳೆಯ ಕೊಡವನ್ನೇ ತಂದಳು. ದೊಡ್ಡ ಸಾಹೇಬರು, ಕಾರ್ಖಾನೆಯ ಯಜಮಾನ, ಊರಿನ ಹಿರಿಯರು ಕುರ್ಚಿಗಳಲ್ಲಿ ಕೂತರು. ಕೇರಿಯವರು ನೆಲದ ಮೇಲೆ. ದೊಡ್ಡ ಸಾಹೇಬರು ಪಂಪಿನ ಗುಂಡಿ ಒತ್ತಿದರು, ಚಪ್ಪಾಳೆ ಬಿತ್ತು, ಯಂತ್ರ ಗುಡುಗುಟ್ಟಿತು. ಅಂದಾಜು ಸಾಹೇಬರು ತೋಳು ದಪ್ಪದ ಪೈಪನ್ನು ತಬ್ಬಿ ಹಿಡಿದು ನಿಂತರು. ನಲ್ಲಿಯಮ್ಮ ಸಾಕಮ್ಮನ ಕಿವಿಗೆ ಬಾಗಿ ಹೇಳಿದಳು, ‘ಮುಕ್ಕಾಲಿಗೆ ಅಂದುಬಿಡು. ತರಲೆ ಮಾಡಿದ್ರೆ ನಾಳೆಯಿಂದ ನಿಮ್ಮ ಕೇರಿ ನಲ್ಲಿಯ ದಾರಿ ಮರೆತುಬಿಡಬೇಕು.’

‘ಹೂಂ, ಶುರು’ ಅಂದ ಕ್ಯಾಮೆರಾದವನು. ‘ನಗಬೇಕಮ್ಮ.’

ಸಾಕಮ್ಮ ನಕ್ಕಳು. ನೀರು ಬಿತ್ತು.

ಕೊಡ ಅರ್ಧವಾಯಿತು. ಮುಕ್ಕಾಲಾಯಿತು. ಅವಳ ಗಂಟಲಿನಲ್ಲಿ ಮಾತು ತಾನಾಗಿಯೇ ಮೇಲೆದ್ದು ಬಂತು. ನಾಲಗೆಯ ತುದಿಗೂ ಬಂತು. ಅವಳು ಹಲ್ಲು ಕಚ್ಚಿ ಹಿಡಿದಳು. ನೀರು ಕೊಡದ ಕಂಠಕ್ಕೆ ಏರಿತು. ಮದುವೆಯಾದಾಗ ತಂದ ಕೊಡ ಅದು. ಅದರ ಕಂಠ ಒದ್ದೆಯಾದದ್ದನ್ನು ಅವಳು ಅವತ್ತೇ ಮೊದಲ ಸಲ ನೋಡಿದ್ದು. ನೀರು ಅಂಚಿನಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಸುತ್ತಲೂ ಇಳಿಯಿತು.

‘ಸಾಕಾ ಅಮ್ಮ?’ ಎಂದು ಸಾಹೇಬರು ನೆನಪಿಸಿದರು.

ಸಾಕಮ್ಮ ತುಂಬಿದ ಕೊಡವನ್ನು ಪಕ್ಕಕ್ಕೆ ಸರಿಸಿದಳು. ಅತ್ತೆ ಕೂತಲ್ಲಿಂದಲೇ ತನ್ನ ಕೊಡ ಉರುಳಿಸಿದಳು. ಸಾಕಮ್ಮ ಅದನ್ನು ಪೈಪಿನ ಕೆಳಗೆ ಇಟ್ಟಳು. ಅದೂ ತುಂಬಿತು. ಪಕ್ಕದ ಮನೆಯವಳ ಕೊಡ ಬಂತು. ಬಾಂಡಲಿ ಬಂತು. ಪಾತ್ರೆ ಬಂತು, ಡಬ್ಬ ಬಂತು, ತಟ್ಟೆಯೂ ಬಂತು. ಸಾಹೇಬರು ಪೈಪನ್ನು ಹಳ್ಳದ ಕಡೆ ತಿರುಗಿಸಲು ಹೋದರೆ ಅಲ್ಲಿ ಕೊಡ ಹಿಡಿದ ಹೆಂಗಸರು. ಇತ್ತ ತಿರುಗಿಸಿದರೆ ಕುರ್ಚಿಗಳಲ್ಲಿ ದೊಡ್ಡ ಸಾಹೇಬರು.

‘ಪಂಪು ನಿಲ್ಲಿಸ್ರೋ!’ ಎಂದರು ಊರ ಹಿರಿಯರೊಬ್ಬರು.

‘ನಿಲ್ಲಿಸೋ ಹಾಗಿಲ್ಲ’ ಎಂದು ದೊಡ್ಡ ಸಾಹೇಬರು ಗದರಿದರು. ‘ಪರೀಕ್ಷೆ ಕೆಡುತ್ತೆ. ಆ ಹೆಂಗಸಿಗೆ ಬೇಗ ಸಾಕು ಅನ್ನೋಕೆ ಹೇಳಿ.’

‘ಸಾಕು ಅನ್ನೇ!’ ಎಂದು ನಲ್ಲಿಯಮ್ಮ ಕಿರುಚಿದಳು. ‘ದಿನಾ ಅಂತಿದ್ದೆಯಲ್ಲ, ಇವತ್ತೇನು ಬಾಯಿಗೆ ಬರ ಬಂತಾ?’

ಅಷ್ಟರಲ್ಲಿ ಗಂಡ ಗುಂಡಿಯ ಕೆಲಸ ಮುಗಿಸಿ ಬಂದ. ತಲೆಯಿಂದ ಕಾಲಿನ ತನಕ ದೊಡ್ಡ ಸಾಹೇಬರದೇ. ಕುರ್ಚಿಯಲ್ಲಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ಅವನು ಅಭ್ಯಾಸದಂತೆ ದೂರದಲ್ಲೇ ನಿಂತ.

‘ಬಾ ಇಲ್ಲಿ’ ಅಂದಳು ಸಾಕಮ್ಮ.

‘ಬೇಡ ಕಣೇ. ಮೈ ನೋಡು ಹೇಗಿದೆ. ದೊಡ್ಡೋರಿದ್ದಾರೆ.’

‘ದೊಡ್ಡೋರದ್ದೇ ಅಲ್ವಾ ಮೈಮೇಲಿರೋದು? ಬಾ.’

ಅವನು ಬಂದ. ನಗಲು ನೋಡಿದ, ಆಗಲಿಲ್ಲ. ಸಾಕಮ್ಮ ಪೈಪಿನ ಕೆಳಗಿದ್ದ ಡಬ್ಬವನ್ನು ಕಾಲಿನಿಂದ ಸರಿಸಿ, ಅವನ ಭುಜ ಹಿಡಿದು ಆ ಜಾಗದಲ್ಲಿ ಕೂರಿಸಿದಳು. ಅಂದಾಜು ಸಾಹೇಬರು ಪೈಪು ಹಿಡಿದೇ ಇದ್ದರು. ಬಿಡುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ. ನೀರು ಅವನ ನೆತ್ತಿಯ ಮೇಲೆ ಬಿತ್ತು. ಅವನು ಮೊದಲು ಬೆಚ್ಚಿದ, ಆಮೇಲೆ ಬಾಯಿ ತೆರೆದ. ಕಪ್ಪು ನೀರು ಹರಿದು ಕುರ್ಚಿಗಳ ಕಡೆ ಹೋಯಿತು. ದೊಡ್ಡ ಸಾಹೇಬರು ಕಾಲು ಮೇಲೆತ್ತಿಕೊಂಡರು. ಕಾರ್ಖಾನೆಯ ಯಜಮಾನ ಕುರ್ಚಿಯ ಮೇಲೆ ಎದ್ದು ನಿಂತ.

ಸಾಕಮ್ಮ ಗಂಡನ ತಲೆ ಉಜ್ಜಿದಳು. ಎಲ್ಲರ ಎದುರಿಗೆ, ಹೊಸ ಸೀರೆಯ ಸೆರಗಿನಿಂದ ಉಜ್ಜಿದಳು. ಕಿವಿಯ ಹಿಂದೆ ಉಜ್ಜಿದಳು. ಇಷ್ಟು ವರ್ಷ ಬಾಗಿಲ ಸಂದಿಯಿಂದ ನೋಡಿದ ಕತ್ತಿನಲ್ಲಿ ಒಂದು ಮಚ್ಚೆ ಇರುವುದು ಅವಳಿಗೆ ಅವತ್ತು ಗೊತ್ತಾಯಿತು.

‘ಬರ್ಕೋ’ ಅಂದಳು ಗುಮಾಸ್ತನಿಗೆ. ‘ಮನುಷ್ಯನ ಮೈಗೆ ಬಿತ್ತು. ಬಳಕೆ.’

ಗುಮಾಸ್ತ ಸಾಹೇಬರ ಮುಖ ನೋಡಿದ. ಸಾಹೇಬರು ದೊಡ್ಡ ಸಾಹೇಬರ ಮುಖ ನೋಡಿದರು. ದೊಡ್ಡ ಸಾಹೇಬರ ಬೂಟಿನೊಳಗೆ ನೀರು ಹೋಗಿತ್ತು.

‘ಸಾಕು!’ ಎಂದು ದೊಡ್ಡ ಸಾಹೇಬರು ಕೂಗಿದರು. ‘ಸಾಕು ಸಾಕು ಸಾಕು!’

‘ಸಿಕ್ಕಿತು ಸಾರ್, ಮಾತು ಸಿಕ್ಕಿತು’ ಎಂದು ಕ್ಯಾಮೆರಾದವನು ಕುಣಿದ. ಆಮೇಲೆ ಕ್ಯಾಮೆರಾದಿಂದ ಕಣ್ಣು ತೆಗೆದು ತಲೆ ಕೆರೆದುಕೊಂಡ. ‘ಆದರೆ ಬಾಯಿ ನಿಮ್ಮದು ಬಂದಿದೆ ಸಾರ್.’

ಯಾರೂ ನಗಲಿಲ್ಲ. ಅತ್ತೆ ಒಬ್ಬಳೇ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಗಂಡ ಎದ್ದ. ಮೈಯಿಂದ ನೀರು ಸೋರುತ್ತಿತ್ತು. ಮನೆಯ ಕಡೆ ನಡೆದ. ಹೊಸ್ತಿಲ ಹತ್ತಿರ ಕಾಲು ತಾನಾಗಿಯೇ ನಿಂತಿತು. ತಿರುಗಿ ಹೆಂಡತಿಯನ್ನು ನೋಡಿದ. ಅವಳು ಗಲ್ಲದಿಂದ ಒಳಗೆ ಹೋಗು ಎಂದು ತೋರಿಸಿದಳು. ಅವನು ದಾಟಿದ. ಒಳಗೆ ಚಾಪೆ ಬಿಚ್ಚಿದ ಸದ್ದಾಯಿತು.

ಕೇರಿಯ ಗಂಡಸರು ಒಬ್ಬೊಬ್ಬರಾಗಿ ಎದ್ದು ಅಂಗಿ ಕಳಚತೊಡಗಿದರು. ಮೊದಲನೆಯವನು ಬಂದು ಪೈಪಿನ ಕೆಳಗೆ ಕೂತ. ಅಂದಾಜು ಸಾಹೇಬರ ತೋಳು ಸೋತಿತ್ತು. ಅವರು ಬಹಳ ಮೆಲ್ಲಗೆ, ಬೇಡಿಕೊಳ್ಳುವ ಹಾಗೆ ಕೇಳಿದರು.

‘ಅಮ್ಮಾ... ಎಷ್ಟು ಬೇಕು ನಿಮಗೆ?’

ಇಷ್ಟು ದಿನವೂ ಅವರು ಕೇಳಬೇಕಾಗಿದ್ದ ಪ್ರಶ್ನೆ ಅದು. ಜೀವಮಾನವಿಡೀ ಸ್ವಾಮಿ, ಸಾರ್, ಅಮ್ಮಾವ್ರೇ ಎಂದ ಬಾಯಿ ಅವಳದು. ಸಾಕಮ್ಮ ಅವರ ಮುಖವನ್ನೇ ನೋಡಿದಳು.

‘ಸುರಿ’ ಅಂದಳು.